ಅರ್ಜಿದಾರರ ಪಕ್ಕದಲ್ಲಿ ನಿಂತವರು

ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ. ಅರವತ್ತೈದು ದಾಟಿದ ಕೂಲಿಕಾರನಿಗೋ ನೇಕಾರನಿಗೋ ಅದು ಕೈಸೇರಬೇಕಾದರೆ ವಯಸ್ಸಿಗೊಂದು ದಾಖಲೆ, ಆದಾಯಕ್ಕೊಂದು ಪ್ರಮಾಣಪತ್ರ, ಆಧಾರ್, ಬ್ಯಾಂಕಿನದೋ ಅಂಚೆಯದೋ ಒಂದು ಖಾತೆ ಬೇಕು. ನಾಡಕಚೇರಿಗೆ ಅರ್ಜಿ ಹಾಕಬೇಕು, ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸಿ ವರದಿ ಬರೆಯಬೇಕು, ಕಂದಾಯ ನಿರೀಕ್ಷಕರ ಮೇಜು ದಾಟಿ ಮಂಜೂರಾತಿ ಆದೇಶ ಹೊರಡಬೇಕು, ಆಮೇಲೆ ಖಜಾನೆ. ಆಧಾರ್‌ನಲ್ಲಿ ಹುಟ್ಟಿದ ವರ್ಷ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು ಇದ್ದರೆ ಇದೆಲ್ಲ ಮತ್ತೆ ಮೊದಲಿಂದ. ಒಂದೊಂದು ಓಡಾಟಕ್ಕೂ ಒಂದು ದಿನದ ದುಡಿಮೆ ಹೋಗುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಚಾರ್ಜಾದರೂ ಉಳಿದಿದೆ. ಗಂಡಸರಿಗೆ ಅದೂ ಇಲ್ಲ.

ಯೋಜನೆ ಪ್ರಕಟಿಸುವವರಿಗೆ ಈ ಓಡಾಟ ಕಾಣುವುದಿಲ್ಲ. ಬಜೆಟ್ಟಿನಲ್ಲಿ ಅದಕ್ಕೊಂದು ಲೆಕ್ಕಶೀರ್ಷಿಕೆಯೂ ಇಲ್ಲ. ಅಮೆರಿಕದ ಪಮೇಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹಾನ್ 2018ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಹೊರೆಯನ್ನು ಮೂರು ಪಾಲು ಮಾಡಿದರು: ಯೋಜನೆ ಇದೆಯೆಂದು ತಿಳಿಯುವ ಕಷ್ಟ, ನಿಯಮ ಪೂರೈಸುವ ಕಷ್ಟ, ಕಚೇರಿಯ ಮುಂದೆ ಕೈಕಟ್ಟಿ ನಿಲ್ಲುವ ಮಾನಸಿಕ ಕಷ್ಟ. ಮೂರನೆಯದನ್ನು ನಮ್ಮ ತಾಲ್ಲೂಕು ಕಚೇರಿಗಳ ವರಾಂಡದಲ್ಲಿ ಅರ್ಧ ದಿನ ಕೂತವರಿಗೆ ಯಾರೂ ವಿವರಿಸಬೇಕಾಗಿಲ್ಲ. ಈ ಮೂರನ್ನೂ ಬಡವರ ಪರವಾಗಿ ಹೊರುತ್ತ ಬಂದಿರುವುದು ಕೂಲಿಕಾರರ ಸಂಘಗಳು, ಮಹಿಳಾ ಒಕ್ಕೂಟಗಳು, ಕಾರ್ಮಿಕ ಸಂಘಟನೆಗಳು, ಒಂದಿಷ್ಟು ಸ್ವಯಂಸೇವಾ ಸಂಸ್ಥೆಗಳು. ಅವರು ಮಾಡಿದ್ದೇನು, ಎಲ್ಲಿ ಎಡವಿದರು, ಅವರನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಅರ್ಜಿ ಬರೆದುಕೊಡುವವರು ಹಳ್ಳಿಗೆ ಹೊಸಬರಲ್ಲ. ಶಾನುಭೋಗರು, ಪಟೇಲರು ಇದ್ದ ಕಾಲದಲ್ಲಿ ಸರ್ಕಾರಕ್ಕೂ ರೈತನಿಗೂ ನಡುವಿನ ಕಾಗದವೆಲ್ಲ ಅವರ ಕೈಯಲ್ಲಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯವನ್ನು ಕೊನೆಗೊಳಿಸಿತು, ಕಾಗದ ಮಾತ್ರ ಉಳಿಯಿತು. ಖಾಲಿಯಾದ ಜಾಗಕ್ಕೆ ಪುಢಾರಿ ಬಂದ. ಜಿ. ರಾಮ್ ರೆಡ್ಡಿ ಮತ್ತು ಜಿ. ಹರಗೋಪಾಲ್ 1985ರಲ್ಲಿ ಆಂಧ್ರದ ಹಳ್ಳಿಗಳ ‘ಪೈರವಿಕಾರ’ನ ಬಗ್ಗೆ ಬರೆದ ಪ್ರಬಂಧ ಓದಿದರೆ ನಮ್ಮ ಕಡೆಯ ಹತ್ತಾರು ಮುಖಗಳು ನೆನಪಾಗುತ್ತವೆ: ಸಾಲ, ಬೋರ್‌ವೆಲ್, ಪಿಂಚಣಿ ಏನೇ ಇರಲಿ, ಅಧಿಕಾರಿಯ ಬಳಿ ಕರೆದೊಯ್ದು ಮಾತಾಡಿಸುವವನು, ಅದರಿಂದ ಹಣವನ್ನೋ ಹೆಸರನ್ನೋ ಮತವನ್ನೋ ಗಳಿಸುವವನು. ಅವನನ್ನು ದೂರುವುದು ಸುಲಭ. ಆದರೆ ಅವನು ಇಲ್ಲದಿದ್ದರೆ ಊರಿನ ಎಷ್ಟೋ ಮುದುಕಿಯರಿಗೆ ಪಿಂಚಣಿಯೇ ಬರುತ್ತಿರಲಿಲ್ಲ ಎನ್ನುವುದೂ ನಿಜ. ಅವನು ಕೆಲಸ ಮಾಡಿಸಿಕೊಡುತ್ತಿದ್ದ. ಕೆಲಸ ಹೇಗಾಗುತ್ತದೆಂಬ ಗುಟ್ಟನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ.

ಸಂಘಟನೆಗಳು ಮುರಿಯಹೊರಟದ್ದು ಈ ಗುಟ್ಟನ್ನೇ. ರಾಜಸ್ಥಾನದ ರಾಜಸಮಂದ್ ಭಾಗದಲ್ಲಿ 1990ರ ಮೇ 1ರಂದು ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕನಿಷ್ಠ ಕೂಲಿಯ ಜಗಳದಿಂದ ಶುರುವಾಗಿ ಹಾಜರಿಪಟ್ಟಿಯ ಪ್ರತಿ ಕೇಳುವಲ್ಲಿಗೆ ಬಂತು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾದಲ್ಲಿ ಮೊದಲ ಜನಸುನವಾಯಿ ನಡೆದಾಗ, ಸತ್ತವರ ಹೆಸರಲ್ಲಿ, ಊರಲ್ಲೇ ಇಲ್ಲದವರ ಹೆಸರಲ್ಲಿ ಕೂಲಿ ಎತ್ತಿದ್ದನ್ನು ಊರವರೇ ಎದ್ದುನಿಂತು ಹೇಳಿದರು. 1996ರಲ್ಲಿ ಬ್ಯಾವರ್‌ನ ಧರಣಿ, 2005ರಲ್ಲಿ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ. ಕರ್ನಾಟಕ ಇದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು ಎಂಬುದು ನಾವು ಅಷ್ಟಾಗಿ ನೆನೆಯದ ಸಂಗತಿ. ಇತ್ತ 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋದ ಆಹಾರದ ಹಕ್ಕಿನ ಮೊಕದ್ದಮೆಯಿಂದ ಬಿಸಿಯೂಟ, ಪಡಿತರ, ಪಿಂಚಣಿಗಳು ದಯೆಯ ಖಾತೆಯಿಂದ ಹಕ್ಕಿನ ಖಾತೆಗೆ ಬಂದವು. 2013ರ ಆಹಾರ ಭದ್ರತಾ ಕಾಯ್ದೆಯ ಬೇರು ಅಲ್ಲಿದೆ.

ಹಕ್ಕು ಕಾಯ್ದೆಯಲ್ಲಿ ಬಂದ ಮೇಲೆ ಪಂಚಾಯಿತಿಯ ಮೇಜಿನವರೆಗೆ ಅದು ನಡೆದು ಬರುವುದು ಹೇಗೆ? ಇದಕ್ಕೆ ನಮ್ಮಲ್ಲಿ ಒಳ್ಳೆಯ ಉದಾಹರಣೆ ಉದ್ಯೋಗ ಖಾತರಿ. 2005ರ ಕಾಯ್ದೆಯ ಪ್ರಕಾರ ಕೆಲಸ ಕೇಳಿ ಅರ್ಜಿ ಕೊಟ್ಟವರಿಗೆ ದಿನಾಂಕ ಹಾಕಿದ ರಸೀದಿ ಕೊಡಬೇಕಿತ್ತು. ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು, ಮೊದಲ ಮೂವತ್ತು ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧ ಭಾಗಕ್ಕೆ ಕಡಿಮೆಯಿಲ್ಲದಂತೆ. ರಸೀದಿ ಇಲ್ಲದಿದ್ದರೆ ಹದಿನೈದು ದಿನದ ಎಣಿಕೆ ಶುರುವಾಗುವುದೇ ಇಲ್ಲ. ಪಂಚಾಯಿತಿಯವರು ‘ನಮೂನೆ ಆರು’ ಇಸಿದುಕೊಂಡು ‘ಆಯ್ತು, ಹೋಗ್ರಿ, ಹೇಳಿ ಕಳಸ್ತೀವಿ’ ಎನ್ನುತ್ತಿದ್ದುದು ಅದಕ್ಕೇ. ಬೆಳಗಾವಿ ಮತ್ತು ಸುತ್ತಲ ಜಿಲ್ಲೆಗಳಲ್ಲಿ ಬೆಳೆದ ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆ, ಜನರ ಬಾಯಲ್ಲಿ ಗ್ರಾಕೂಸ, ಈ ಒಂದು ತುಂಡು ಕಾಗದವನ್ನು ಹೋರಾಟದ ವಿಷಯ ಮಾಡಿತು. ಒಬ್ಬಳೇ ಹೋದರೆ ರಸೀದಿ ಸಿಗದು, ಇಪ್ಪತ್ತು ಮಂದಿ ಒಟ್ಟಿಗೆ ಹೋದರೆ ಸಿಗುತ್ತದೆ. ಸಿಗದಿದ್ದರೆ ಅಲ್ಲೇ ಕೂರುವುದು. ಹೊರಗಿನಿಂದ ನೋಡುವವರಿಗೆ ಇದು ಗುಮಾಸ್ತಗಿರಿಯಂತೆ ಕಂಡೀತು. ಆದರೆ ಅಕ್ಷರ ಬಾರದ ಹೆಣ್ಣುಮಗಳೊಬ್ಬಳು ‘ರಸೀದಿ ಕೊಡ್ರಿ’ ಎಂದು ಕೇಳಲು ಕಲಿತ ಮೇಲೆ ಆ ಕಚೇರಿಯ ಮೇಜು ಮೊದಲಿನಷ್ಟು ಎತ್ತರವಾಗಿರುವುದಿಲ್ಲ. ರಾಯಚೂರು ಜಿಲ್ಲೆಯ ಜಾಗೃತ ಮಹಿಳಾ ಸಂಘಟನೆಯ ದಲಿತ ಹೆಣ್ಣುಮಕ್ಕಳೂ ಕೂಲಿ, ಪಡಿತರಗಳ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದು ಹೀಗೆ ಗುಂಪಾಗಿಯೇ.

ಇದಕ್ಕಿಂತ ಕಠಿಣವಾದದ್ದು ಪಟ್ಟಿಯ ಪ್ರಶ್ನೆ. ಅರ್ಜಿ ಸರಿಯಾಗಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನೂ ಇಲ್ಲ. ಮಾಜಿ ದೇವದಾಸಿಯರ ವಿಷಯವನ್ನೇ ನೋಡಿ. ಮುತ್ತು ಕಟ್ಟುವುದನ್ನು ನಿಷೇಧಿಸುವ ರಾಜ್ಯದ ಕಾಯ್ದೆ ಬಂದದ್ದು 1982ರಲ್ಲಿ. 1993-94ರ ಸಮೀಕ್ಷೆ 22,873 ಮಹಿಳೆಯರನ್ನು ಗುರುತಿಸಿತು. 2007-08ರ ಎರಡನೇ ಸಮೀಕ್ಷೆ ಇನ್ನೂ 23,787 ಮಂದಿಯನ್ನು. ಒಟ್ಟು 46,660. ಮಾಸಾಶನ, ಮನೆ, ಸಾಲ ಎಲ್ಲವೂ ಈ ಸಂಖ್ಯೆಯೊಳಗೆ. ಸಮೀಕ್ಷೆಯ ದಿನ ದುಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದವಳು, ಮಗಳ ಮದುವೆಯ ಹೊತ್ತಿಗೆ ಈ ಹೆಸರು ಬೇಡವೆಂದು ಬಾಯಿಬಿಡದವಳು, ಕಾಯ್ದೆಗೆ ಹೆದರಿದವಳು ಎಲ್ಲರೂ ಹೊರಗೆ. ಹೊರಗುಳಿದವರೂ ಇದ್ದಾರೆ, ಮತ್ತೆ ಎಣಿಸಿ ಎಂದು ಸಂಘಗಳು ವರ್ಷಗಟ್ಟಲೆ ಕೇಳಬೇಕಾಯಿತು.

ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಕೆಲಸವನ್ನು ಈ ಹಿನ್ನೆಲೆಯಲ್ಲಿ ಅರ್ಥ ಮಾಡಿಕೊಳ್ಳಬೇಕು. 1997ರಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಬೆಂಬಲದಿಂದ ಕಟ್ಟಿದ ಈ ಸಂಸ್ಥೆ ಮಾಜಿ ದೇವದಾಸಿಯರದೇ. ಅದನ್ನು ಮುನ್ನಡೆಸಿದ, ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಇಂಥ ಸಂಘದಲ್ಲಿ ಅರ್ಜಿ ತುಂಬುವವಳಿಗೂ ಅರ್ಜಿದಾರಳಿಗೂ ನಡುವೆ ಮರೆಮಾಚುವುದಕ್ಕೇನೂ ಇಲ್ಲ. ‘ತಂದೆಯ ಹೆಸರು’ ಎಂಬ ಕಾಲಂ ಎದುರಾದಾಗ ಪೆನ್ನು ಯಾಕೆ ನಿಲ್ಲುತ್ತದೆಂದು ಅಲ್ಲಿ ಕೇಳಿ ತಿಳಿಯಬೇಕಾದವರು ಯಾರೂ ಇಲ್ಲ. ಆ ಒಂದು ಕಾಲಮ್ಮಿನಿಂದ ಶಾಲೆ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನಗಳು ಎಷ್ಟು ಮಕ್ಕಳಿಗೆ ತಪ್ಪಿದವೋ. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ, ತಂದೆಯ ಹೆಸರು ಹೇಳಲೇಬೇಕೆಂದು ಈ ಮಕ್ಕಳನ್ನು ಒತ್ತಾಯಿಸುವಂತಿಲ್ಲ ಎನ್ನುತ್ತದೆ. ಆ ಕಾಲಮ್ಮಿನ ದೋಷ ಯಾವ ಸಾಫ್ಟ್‌ವೇರೂ ಕಂಡುಹಿಡಿದದ್ದಲ್ಲ. ಅರ್ಜಿ ತುಂಬುತ್ತ ತುಂಬುತ್ತ ಸಿಕ್ಕಿಬಿದ್ದವರು ಹೇಳಿ ಹೇಳಿ ಗೊತ್ತಾದದ್ದು.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದದ್ದು ಇನ್ನೊಂದು ಬಗೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳುವವರು ತಾವು ಆ ಕಾಡಿನವರೆಂದು ತೋರಿಸಬೇಕು. ಸೋಲಿಗರ ಬಳಿ ಪಹಣಿ ಎಲ್ಲಿಂದ ಬರಬೇಕು? ಸೋಲಿಗ ಅಭಿವೃದ್ಧಿ ಸಂಘದವರು, ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆಗೂಡಿ, ಕಾಡು ಸುತ್ತಿ ದೇವರು, ಮಾರಮ್ಮ, ನೀರಿನ ತಾವು, ಸಮಾಧಿಗಳಿರುವ ನೂರಾರು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಪೂಜೆಯ ಜಾಗವೇ ದಾಖಲೆಯಾಯಿತು. 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಹೀಗೆ ಹಕ್ಕು ಮನ್ನಣೆಯಾದದ್ದು ದೇಶದಲ್ಲಿ ಅದೇ ಮೊದಲು. ಸರ್ಕಾರ ಕೇಳಿದ ಕಾಗದ ಇಲ್ಲದಿದ್ದಾಗ, ಸರ್ಕಾರ ಒಪ್ಪಲೇಬೇಕಾದ ಬೇರೆ ಕಾಗದವನ್ನು ಹುಟ್ಟಿಸುವುದು ಸಂಘಟನೆಯ ಅತ್ಯುನ್ನತ ಕೌಶಲ ಎಂದು ನನಗೆ ಅನಿಸುತ್ತದೆ.

ಬೆಂಗಳೂರಿನ ಚಿಂದಿ ಆಯುವವರ ಗುರುತಿನ ಚೀಟಿಯೂ ಇದೇ ಜಾತಿಯದು. ಲೋಕ ಅದಾಲತ್ತಿನ ನಿರ್ದೇಶನದ ಮೇಲೆ 2011ರಲ್ಲಿ ಪಾಲಿಕೆ ಅವರಿಗೆ ವೃತ್ತಿ ಗುರುತಿನ ಚೀಟಿ ಕೊಡತೊಡಗಿತು. ಬೀದಿಯಲ್ಲಿ ಕಳ್ಳರೆಂದು ತಡೆಯಿಸಿಕೊಳ್ಳುತ್ತಿದ್ದವರು ಪಾಲಿಕೆಯ ಮುದ್ರೆ ತೋರಿಸುವಂತಾಯಿತು. ಆ ಕೆಲಸದಿಂದಲೇ ಬೆಳೆದ ಹಸಿರು ದಳ ಸಾವಿರಾರು ಮಂದಿಗೆ ಚೀಟಿ ಕೊಡಿಸಿ, ಅದರ ಬೆನ್ನಿಗೆ ಬ್ಯಾಂಕ್ ಖಾತೆ, ಮಕ್ಕಳ ವಿದ್ಯಾರ್ಥಿವೇತನಗಳ ಬಾಗಿಲು ತೆರೆಸಿತು.

ಕಟ್ಟಡ ಕಾರ್ಮಿಕರ ಕಥೆ ಸ್ವಲ್ಪ ಹುಳಿ. 1996ರ ಕೇಂದ್ರ ಕಾಯ್ದೆಯಂತೆ ಕಟ್ಟಡದ ವೆಚ್ಚದ ಶೇಕಡ 1ರಷ್ಟು ಸುಂಕ ಕಲ್ಯಾಣ ಮಂಡಳಿಗೆ ಸೇರಬೇಕಿತ್ತು. ನಮ್ಮ ರಾಜ್ಯದಲ್ಲಿ ಮಂಡಳಿ ರಚನೆಯಾಗಲು 2007 ಬರಬೇಕಾಯಿತು. ಹಣಕ್ಕೆ ಅಲ್ಲಿ ಬರವಿಲ್ಲ. ದೇಶದಾದ್ಯಂತ ಇಂಥ ಮಂಡಳಿಗಳು ಕೂಡಿಟ್ಟ ಹಣ ಕಾರ್ಮಿಕರಿಗೆ ಮುಟ್ಟದ್ದನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕಟುವಾಗಿಯೇ ಹೇಳಿತು. ಮಂಡಳಿಯಲ್ಲಿ ನೋಂದಣಿಯಾಗಲು ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಇವತ್ತು ಒಬ್ಬ ಮೇಸ್ತ್ರಿ, ನಾಳೆ ಇನ್ನೊಬ್ಬ, ಯಾರು ಬರೆದುಕೊಡುತ್ತಾರೆ? ಸಂಘಗಳು ನಡುವೆ ಬಂದವು, ಲೇಬರ್ ಕಾರ್ಡ್ ಮಾಡಿಸಿಕೊಟ್ಟವು. ಅದರ ಜೊತೆಗೇ ಕಾರ್ಡಿಗೆ ಇಷ್ಟೆಂದು ದರ ನಿಗದಿ ಮಾಡಿದ ನಾಮಫಲಕದ ಸಂಘಗಳೂ ಹುಟ್ಟಿದವು. ಇಟ್ಟಿಗೆ ಮುಟ್ಟದವರ ಕೈಗೂ ಕಾರ್ಡ್ ಬಂತು. ನಕಲಿ ಕಾರ್ಡ್ ರದ್ದು ಮಾಡುವ ಕಾರ್ಯಾಚರಣೆ ಶುರುವಾದಾಗ, ಅಸಲಿ ಗಾರೆಯವನೂ ಮತ್ತೆ ತಾನು ಗಾರೆಯವನೆಂದು ಸಾಬೀತು ಮಾಡಬೇಕಾಯಿತು.

2020ರ ಲಾಕ್‌ಡೌನ್ ಈ ವ್ಯವಸ್ಥೆಯ ಹುಳುಕನ್ನು ಒಂದೇ ವಾಕ್ಯದಲ್ಲಿ ತೋರಿಸಿತು. ಆ ಮೇ ತಿಂಗಳಲ್ಲಿ ಸರ್ಕಾರವೇ ಹೇಳಿದಂತೆ ನೋಂದಾಯಿತ ಕಟ್ಟಡ ಕಾರ್ಮಿಕರು 15.80 ಲಕ್ಷ, 2,000 ರೂಪಾಯಿ ಖಾತೆಗೆ ಹೋದದ್ದು 11.80 ಲಕ್ಷ ಮಂದಿಗೆ, ಉಳಿದವರ ಖಾತೆಯ ವಿವರ ಪರಿಶೀಲನೆಯಾಗಬೇಕಿತ್ತು. ಅಂದರೆ ಕಾರ್ಡ್ ಇದ್ದವರಲ್ಲೇ ನಾಲ್ವರಲ್ಲಿ ಒಬ್ಬರಿಗೆ ಆ ಗಳಿಗೆಯಲ್ಲಿ ಹಣ ಕಳಿಸಲು ದಾರಿಯಿರಲಿಲ್ಲ. ಕಾರ್ಡೇ ಇಲ್ಲದ ಉತ್ತರ ಭಾರತದ ವಲಸೆಯವರು ಈ ಲೆಕ್ಕದೊಳಗೇ ಬರುವುದಿಲ್ಲ. ಅಗಸರಿಗೆ, ಕ್ಷೌರಿಕರಿಗೆ, ಆಟೊ ಚಾಲಕರಿಗೆ ತಲಾ 5,000 ಘೋಷಣೆಯಾದಾಗಲೂ ಕಷ್ಟ ಅದೇ: ನಾನು ಕ್ಷೌರಿಕ ಎಂದು ಹೇಳುವ ಕಾಗದ ಯಾವ ಕ್ಷೌರಿಕನ ಹತ್ತಿರ ಇತ್ತು? ಆ ತಿಂಗಳುಗಳಲ್ಲಿ ಸಂಘಗಳು, ಬಡಾವಣೆಯ ಯುವಕರು, ಕಾಲೇಜು ಹುಡುಗಿಯರು ಮೊಬೈಲ್ ಹಿಡಿದು ಮಾಡಿದ ನೋಂದಣಿ ಕೆಲಸವನ್ನು ಯಾರೂ ಲೆಕ್ಕವಿಟ್ಟಿಲ್ಲ.

ಈಗ ಕಾಲ ಆನ್‌ಲೈನಿನದು. 2005ರ ಬೆಂಗಳೂರು ಒನ್‌ನಿಂದ 2022ರ ಗ್ರಾಮ ಒನ್‌ವರೆಗೆ ಕೌಂಟರುಗಳು ಹಳ್ಳಿಗೇ ಬಂದಿವೆ. 2012ರ ಏಪ್ರಿಲ್‌ನಿಂದ ಸಕಾಲ ಇದೆ: ಹೇಳಿದ ದಿನದೊಳಗೆ ಸೇವೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. 2022ರಲ್ಲಿ ಕಂದಾಯ ಇಲಾಖೆ, ಫೋನ್ ಮಾಡಿದರೆ 72 ಗಂಟೆಯಲ್ಲಿ ಪಿಂಚಣಿ ಎಂದೂ ಹೇಳಿತು. ಇವುಗಳಿಂದ ಅನುಕೂಲವಾಗಿಲ್ಲ ಎಂದರೆ ಸುಳ್ಳಾದೀತು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹಿಂದೆ ಹಿಡಿಯುತ್ತಿದ್ದ ಕಾಲ ಇಳಿದಿದೆ. ಆದರೆ ಕಷ್ಟ ಸ್ಥಳ ಬದಲಿಸಿದೆ. ಮೊದಲು ಗುಮಾಸ್ತ ‘ಸಾಹೇಬರಿಲ್ಲ’ ಎನ್ನುತ್ತಿದ್ದ, ಈಗ ‘ಸರ್ವರ್ ಇಲ್ಲ’. ಸಾಹೇಬರ ಮನೆ ಎಲ್ಲಿ ಎಂದಾದರೂ ಗೊತ್ತಿತ್ತು.

ಗೃಹಲಕ್ಷ್ಮಿಯನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾದ ಈ ಯೋಜನೆ ತಿಂಗಳಿಗೆ 2,000 ರೂಪಾಯಿಯಂತೆ ಕೋಟಿಗೂ ಮೀರಿದ ಮಹಿಳೆಯರನ್ನು ಒಳಗೊಂಡಿದೆ. ಅಷ್ಟು ದೊಡ್ಡ ಸಂಖ್ಯೆಯನ್ನು ತಲುಪಿದ್ದು ಸಣ್ಣ ಸಾಧನೆಯಲ್ಲ. ತಲುಪದವರ ಕಾರಣಗಳು ಮಾತ್ರ ಒಂದೊಂದೂ ಕೂದಲೆಳೆಯಷ್ಟು ಸಣ್ಣವು: ರೇಷನ್ ಕಾರ್ಡಿನಲ್ಲಿ ಯಜಮಾನಿಯಾಗಿ ಸತ್ತುಹೋದ ಅತ್ತೆಯ ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಹಿಂದುಮುಂದು, ಯಾವಾಗಲೋ ತೆರೆದು ಮರೆತ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್. ಈ ಕೊನೆಯದು ತುಂಬ ತುಂಟ. ಆಧಾರ್ ಆಧರಿತ ಹಣ ಹೋಗುವುದು ಕೊನೆಯದಾಗಿ ಜೋಡಣೆಯಾದ ಖಾತೆಗೆ. ಅದು ಯಾವುದೆಂದು ಖಾತೆದಾರಳಿಗೇ ತಿಳಿದಿರುವುದಿಲ್ಲ. 2017ರಲ್ಲಿ ಒಂದು ಮೊಬೈಲ್ ಕಂಪನಿ ಸಿಮ್ ಪರಿಶೀಲನೆಯ ನೆಪದಲ್ಲಿ ತನ್ನ ಪೇಮೆಂಟ್ ಬ್ಯಾಂಕಿನಲ್ಲಿ ಗ್ರಾಹಕರ ಖಾತೆ ತೆರೆದು, ಅವರ ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹರಿದುಹೋಗಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅದೇ ವರ್ಷ ಗೋಕರ್ಣದ ಒಂದು ದಲಿತ ಕುಟುಂಬದ ಮೂವರು ಸಹೋದರರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಪಡಿತರ ನಿಂತದ್ದು, ಹಸಿವು ಇದಕ್ಕೆ ಕಾರಣ ಎಂದು ಪಿಯುಸಿಎಲ್‌ನ ಸತ್ಯಶೋಧನೆ ಹೇಳಿತು, ಸರ್ಕಾರ ಒಪ್ಪಲಿಲ್ಲ.

ಈ ಹೊಸ ಕಷ್ಟಕ್ಕೆ ಹೊಸ ಬಗೆಯ ಸಹಾಯಕರೂ ಬಂದಿದ್ದಾರೆ. 2016ರಲ್ಲಿ ಶುರುವಾದ ಹಕ್‌ದರ್ಶಕ್ ಊರಿನದೇ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಯಾರಿಗೆ ಯಾವ ಯೋಜನೆ ಸಲ್ಲುತ್ತದೆಂದು ಹೇಳುವ ಆ್ಯಪ್ ಕೈಗಿಡುತ್ತದೆ. ಅರ್ಜಿ ಹಾಕಿಕೊಟ್ಟಿದ್ದಕ್ಕೆ ಅವರು ಸಣ್ಣ ಶುಲ್ಕ ಪಡೆಯುತ್ತಾರೆ. ಹಕ್ಕಿಗೆ ಹಣ ಕೊಡಬೇಕೇ ಎಂದು ಹಳೆಯ ಸಂಘಟನೆಯವರು ಸಿಟ್ಟಾಗುತ್ತಾರೆ. ರಸೀದಿ ಇರುವ ಐವತ್ತು ರೂಪಾಯಿ, ರಸೀದಿ ಇಲ್ಲದ ಐನೂರಕ್ಕಿಂತ ಲೇಸು ಎಂಬುದು ಇನ್ನೊಂದು ವಾದ. ಎರಡಕ್ಕೂ ನ್ಯಾಯವಿದೆ. ಆದರೆ ಶುಲ್ಕದ ಮೇಲೆ ನಡೆಯುವ ಕೆಲಸ ಸುಲಭದ ಅರ್ಜಿಯತ್ತ ವಾಲುತ್ತದೆ ಎಂಬುದನ್ನು ಮರೆಯಬಾರದು. ಎಲ್ಲ ದಾಖಲೆ ಇದ್ದವನ ಅರ್ಜಿ ಹತ್ತು ನಿಮಿಷದ್ದು. ಊರು ಬಿಟ್ಟು ಬಂದ, ಗಂಡ ಬಿಟ್ಟ, ಬೆರಳಚ್ಚು ಸವೆದ ಹೆಂಗಸಿನದು ಹತ್ತು ವಾರದ್ದು. ಹತ್ತು ವಾರದ ಅರ್ಜಿಯನ್ನು ಯಾವ ಶುಲ್ಕವೂ ಪೋಷಿಸದು.

ಸರ್ಕಾರ ತಾನೇ ಜನರನ್ನು ನೇಮಿಸಿದರೆ? 2024ರಲ್ಲಿ ರಚನೆಯಾದ ಗ್ಯಾರಂಟಿ ಅನುಷ್ಠಾನ ಸಮಿತಿಗಳು ಅಂಥ ಒಂದು ಪ್ರಯತ್ನ. ಆಡಳಿತ ಪಕ್ಷದ ಕಾರ್ಯಕರ್ತರಿಗೆ ಗೌರವಧನದ ಕುರ್ಚಿ ಎಂದು ವಿರೋಧ ಪಕ್ಷಗಳು 2025ರ ಅಧಿವೇಶನದಲ್ಲಿ ಗದ್ದಲ ಮಾಡಿದವು. ಪಕ್ಷ ಯಾವುದೇ ಇರಲಿ, ಯೋಜನೆ ಕೊಟ್ಟವರ ಕಡೆಯವರೇ ಅದು ತಲುಪಿತೇ ಎಂದು ನೋಡಲು ಬಂದಾಗ, ತಲುಪಲಿಲ್ಲ ಎಂದು ಹೇಳುವುದು ಅರ್ಜಿದಾರಳಿಗೆ ಕಷ್ಟ. ಹೇಳಿದರೆ ಬರೆದುಕೊಳ್ಳುವುದು ಅವರಿಗೂ ಕಷ್ಟ.

ಈ ವಿಷಯದಲ್ಲಿ ಬ್ರಿಟನ್ನಿನ ಅನುಭವವೊಂದು ನೆನೆಯತಕ್ಕದ್ದು. ಎರಡನೇ ಮಹಾಯುದ್ಧ ಘೋಷಣೆಯಾದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಅಲ್ಲಿ 200 ಸಿಟಿಜನ್ಸ್ ಅಡ್ವೈಸ್ ಕೇಂದ್ರಗಳು ತೆರೆದವು. ರೇಷನ್ ಪುಸ್ತಕ ಕಳೆದುಹೋದವರು, ಬಾಂಬಿನಲ್ಲಿ ಮನೆ ಕಳೆದುಕೊಂಡವರು ಬರುತ್ತಿದ್ದರು. ಸಲಹೆ ಕೊಡುವವರು ಬಹುಪಾಲು ಸ್ವಯಂಸೇವಕರು. ಇಂದಿಗೂ ನಡೆಯುತ್ತಿರುವ ಆ ಸಂಸ್ಥೆ ಸರ್ಕಾರದ ಹಣವನ್ನೂ ಪಡೆಯುತ್ತದೆ, ಸರ್ಕಾರವನ್ನು ಟೀಕಿಸಲೂ ಹಿಂಜರಿಯುವುದಿಲ್ಲ. ಜನರಿಗೆ ಸಲಹೆ ಕೊಡುವುದು ಅದರ ಒಂದು ಗುರಿಯಾದರೆ, ಬಂದ ದೂರುಗಳನ್ನು ಒಟ್ಟುಹಾಕಿ ಕೆಟ್ಟ ನಿಯಮವನ್ನು ಬದಲಿಸುವುದು ಇನ್ನೊಂದು ಗುರಿ. ನಮ್ಮಲ್ಲಿ ಬಹಳ ಸಂಸ್ಥೆಗಳು ಮೊದಲನೆಯದಕ್ಕೇ ನಿಲ್ಲುತ್ತವೆ. ಎಷ್ಟು ಅರ್ಜಿ ಹಾಕಿಸಿದೆವು, ಎಷ್ಟು ಕೋಟಿ ರೂಪಾಯಿಯ ಸೌಲಭ್ಯ ಕೊಡಿಸಿದೆವು ಎಂದು ವಾರ್ಷಿಕ ವರದಿಯಲ್ಲಿ ಹಾಕುತ್ತವೆ. ದಾನಿಗಳು ಕೇಳುವುದೂ ಅದನ್ನೇ. ತಿರಸ್ಕೃತವಾದ ಅರ್ಜಿಗಳು ಯಾವ ಕಾರಣಕ್ಕೆ, ಯಾವ ಹಂತದಲ್ಲಿ ಬಿದ್ದುಹೋದವು ಎಂಬ ಪಟ್ಟಿ ಯಾರೂ ಓದದ ಕಡತವಾಗಿ ಉಳಿಯುತ್ತದೆ. ನನ್ನ ಮಟ್ಟಿಗೆ ಆ ಕಡತವೇ ಸಂಸ್ಥೆಯ ನಿಜವಾದ ಆಸ್ತಿ. ತಂದೆಯ ಹೆಸರಿನ ಕಾಲಂ, ಕೊಡದ ರಸೀದಿ ಇಂಥವೆಲ್ಲ ಹೊರಬಿದ್ದದ್ದು ಬಿದ್ದ ಅರ್ಜಿಗಳಿಂದಲೇ, ಗೆದ್ದವುಗಳಿಂದಲ್ಲ.

ಈ ಕೆಲಸ ಮಾಡುವವರ ಸ್ಥಿತಿಯೂ ಚೆನ್ನಾಗಿಲ್ಲ. 2020ರ ಸೆಪ್ಟೆಂಬರ್‌ನ ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಲ್ಲಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ನೆರವಿನಲ್ಲಿ ನಡೆಯುತ್ತಿದ್ದ ತಾಲ್ಲೂಕು ಮಟ್ಟದ ಸಣ್ಣ ಗುಂಪುಗಳಿಗೆ ಆ ದಾರಿ ಮುಚ್ಚಿತು. ಕಂಪನಿಗಳ ಸಾಮಾಜಿಕ ಹೊಣೆಯ ಹಣ ಶಾಲೆಯ ಕಟ್ಟಡಕ್ಕೆ, ಲ್ಯಾಪ್‌ಟಾಪಿಗೆ ಸುಲಭವಾಗಿ ಬರುತ್ತದೆ. ತಹಶೀಲ್ದಾರರ ಕಚೇರಿಗೆ ಮೇಲ್ಮನವಿ ಬರೆಯುವವಳ ಸಂಬಳಕ್ಕೆ ಕಷ್ಟ. ಹೀಗಾಗಿ ಉಳಿದಿರುವುದು ಸದಸ್ಯತ್ವದ ಚಂದಾ ಹಣದ ಮೇಲೆ ನಡೆಯುವ ಸಂಘಗಳು. ಬಡ ಸಂಘಗಳು, ಆದರೆ ಯಾರಿಗೂ ಹೆದರಬೇಕಿಲ್ಲದವು.

ಆಗಬೇಕಾದದ್ದು ಬೆಟ್ಟದಂಥ ಸುಧಾರಣೆಯೇನಲ್ಲ. ರಾಜಸ್ಥಾನದಲ್ಲಿ ಸಂಘಟನೆಗಳ ಒತ್ತಾಯದಿಂದ 2019ರಲ್ಲಿ ಜನಸೂಚನಾ ಪೋರ್ಟಲ್ ಬಂತು. ಅದೇ ಹಾದಿಯಲ್ಲಿ ನಮ್ಮಲ್ಲೂ ಮಾಹಿತಿ ಕಣಜ ಇದೆ. ಪಂಚಾಯಿತಿವಾರು ಯಾರಿಗೆ ಎಷ್ಟು ಪಿಂಚಣಿ, ಯಾವ ಅಂಗಡಿಗೆ ಎಷ್ಟು ಅಕ್ಕಿ ಎಂಬುದನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು. ಅದಕ್ಕೆ ಇನ್ನೊಂದು ಕಾಲಂ ಸೇರಲಿ: ಹೆಸರು ಬೇಡ, ಪ್ರತಿ ಪಂಚಾಯಿತಿಯಲ್ಲಿ ತಿಂಗಳಿಗೆ ಎಷ್ಟು ಅರ್ಜಿ ತಿರಸ್ಕೃತವಾದವು, ಯಾವ ಕಾರಣಕ್ಕೆ. ತಿರಸ್ಕರಿಸಿದ ಪ್ರತಿ ಅರ್ಜಿಗೂ ಕನ್ನಡದಲ್ಲಿ ಲಿಖಿತ ಹಿಂಬರಹ ಕಡ್ಡಾಯವಾಗಲಿ, ‘ಡಾಟಾ ಮಿಸ್‌ಮ್ಯಾಚ್’ ಎಂಬ ಎರಡು ಪದದ ಎಸ್ಸೆಮ್ಮೆಸ್ಸಿನಿಂದ ಕೈತೊಳೆದುಕೊಳ್ಳುವುದು ನಿಲ್ಲಲಿ. ಅರ್ಜಿದಾರರ ಜೊತೆಗೆ ಬಂದ ಸಂಘದವರನ್ನು ದಲ್ಲಾಳಿಗಳೆಂದು ಹೊರಗೆ ನಿಲ್ಲಿಸದೆ, ಕೂರಿಸಿ ಮಾತಾಡಿಸುವ ಆದೇಶವೊಂದನ್ನು ಕಂದಾಯ ಇಲಾಖೆ ಹೊರಡಿಸಲಿ. ಓದುಗರಲ್ಲಿ ಬಿಡುವಿದ್ದವರು, ಅದರಲ್ಲೂ ನಿವೃತ್ತರಾದ ಸರ್ಕಾರಿ ನೌಕರರು, ತಮ್ಮ ಊರಿನ ಇಂಥ ಒಂದು ಸಂಘಕ್ಕೆ ವಾರಕ್ಕೆ ಅರ್ಧ ದಿನ ಕೊಡಿ. ಕಡತ ಎಲ್ಲಿ ನಿಲ್ಲುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?